ಕೋಟಿನ ಜೇಬಿನಲ್ಲಿ ಒಂದು ಸಂಸಾರ

ಟೈಲರ್ ಮಾಸ್ಟರಿಗೆ ಬಾರದ ವಿದ್ಯೆ ಒಂದೇ ಒಂದು. ‘ಗೊತ್ತಿಲ್ಲ’ ಎಂದು ಹೇಳಲು ಅವರಿಗೆ ಬರುತ್ತಿರಲಿಲ್ಲ. ದಾರಿ ಕೇಳಿದವರಿಗೆಲ್ಲ ಕೈ ಚಾಚಿ ದಾರಿ ತೋರಿಸುತ್ತಿದ್ದರು. ಹಾಗೆ ಹೋದವರು ಎಲ್ಲಿ ಮುಟ್ಟಿದರೋ ಏನೋ, ಒಬ್ಬರೂ ತಿರುಗಿ ಬಂದು ದೂರು ಹೇಳಿದ್ದಿಲ್ಲ; ಅದನ್ನೇ ಮಾಸ್ಟರು ತಮ್ಮ ಮಾತು ನಿಜವೆನ್ನುವುದಕ್ಕೆ ಪುರಾವೆ ಎಂದುಕೊಂಡಿದ್ದರು. ಹಲ್ಲುನೋವು, ಸೋರುವ ಮಾಳಿಗೆ, ಪಿಂಚಣಿಯ ಅರ್ಜಿ, ಮೀನಿನ ತೊಟ್ಟಿಯ ಪಾಚಿ, ಯಾವುದನ್ನು ಕೇಳಿದರೂ ಕತ್ತಿನಲ್ಲಿ ನೇತಾಡುವ ಟೇಪನ್ನು ಒಮ್ಮೆ ಸರಿಮಾಡಿಕೊಂಡು ಉತ್ತರ ಕೊಟ್ಟೇಬಿಡುತ್ತಿದ್ದರು.

ಇದರ ಜೊತೆಗೆ ಅವರಿಗೆ ಕಸುಬಿನದೊಂದು ವ್ರತವೂ ಇತ್ತು. ಇಸ್ತ್ರಿಯಾದ ಕೋಟನ್ನು ಅವರು ಮಡಿಸುತ್ತಿರಲಿಲ್ಲ. ಚೀಲಕ್ಕೆ ಹಾಕಿದರೆ ಸುಕ್ಕು ಬೀಳುತ್ತದೆ, ಹ್ಯಾಂಗರಿನಲ್ಲಿ ಹಿಡಿದರೆ ಬಸ್ಸಿನ ನೂಕುನುಗ್ಗಲಲ್ಲಿ ಮುದುಡುತ್ತದೆ. ಆದ್ದರಿಂದ ತಲುಪಿಸುವ ದಿನ ಕೋಟನ್ನು ತಾವೇ ತೊಟ್ಟು ಹೋಗಿ, ಗಿರಾಕಿಯ ಮುಂದೆ ಬಿಚ್ಚಿಕೊಡುತ್ತಿದ್ದರು. ಒಮ್ಮೆ ಬ್ಯಾಂಡಿನವರ ಕೆಂಪು ಕೋಟು ತೊಟ್ಟು ಹೋಗುವಾಗ ಯಾರೋ ಕೈಗೊಂದು ಕಹಳೆ ಕೊಟ್ಟರು. ಮಾಸ್ಟರು ಊದಿದರು. ಮೆರವಣಿಗೆಯ ಮುಂದಿದ್ದ ಕುದುರೆ ಯಾವ ಕಡೆ ಓಡಿತೆಂದು ಇವತ್ತಿಗೂ ಯಾರಿಗೂ ತಿಳಿಯದು. ಮಾಸ್ಟರನ್ನು ಕೇಳಿದರೆ ಅದನ್ನೂ ಹೇಳುತ್ತಾರೆ.

ಇಂಥ ಮನುಷ್ಯ ಒಂದು ಗುರುವಾರ ಬೆಳಿಗ್ಗೆ ಲಾಯರಮ್ಮನ ಹೊಸ ಕರಿ ಕೋಟನ್ನು ತೊಟ್ಟು ಮನೆಯಿಂದ ಹೊರಟರು. ಲಾಯರಮ್ಮ ಕುಟುಂಬದ ಕೇಸುಗಳಲ್ಲಿ ಪಳಗಿದವರು. ವಿಚ್ಛೇದನ, ಮಕ್ಕಳ ಪಾಲನೆ, ಆಸ್ತಿಯ ಪಾಲು, ಇವೇ ಅವರ ದಿನದ ಕೆಲಸ. ಎತ್ತರದಲ್ಲೂ ಭುಜದಲ್ಲೂ ಮಾಸ್ಟರಿಗೆ ಸರಿಸಮ. ಗುಂಡಿಗಳು ಮಾತ್ರ ಹೆಂಗಸರ ಕೋಟಿನಲ್ಲಿರುವಂತೆ ಎಡಗಡೆಗೆ. ಆದರೆ ಗುಂಡಿಯ ಕಡೆ ನೋಡಿ ಮನುಷ್ಯನ ಬೆಲೆ ಕಟ್ಟುವವರು ಎಷ್ಟು ಜನ? ಬಸ್ಸಿನಲ್ಲಿ ಕಂಡಕ್ಟರು ‘ಸರ್’ ಎಂದ. ಇಬ್ಬರು ಎದ್ದು ಸೀಟು ಬಿಟ್ಟುಕೊಟ್ಟರು. ಬಸ್ಸು ಇಳಿಯುವ ಹೊತ್ತಿಗೆ ಮಾಸ್ಟರ ನಡಿಗೆಯೇ ಬದಲಾಗಿತ್ತು.

ಲಾಯರಮ್ಮನ ಕಚೇರಿ ಎರಡನೇ ಮಹಡಿಯಲ್ಲಿ. ಮುಂದಿನ ಕೋಣೆಯಲ್ಲಿ ಐದು ಪ್ಲಾಸ್ಟಿಕ್ ಕುರ್ಚಿ, ಕೆಂಪು ದಾರ ಕಟ್ಟಿದ ಫೈಲುಗಳ ಗುಡ್ಡೆ, ತಿರುಗುವಾಗಲೆಲ್ಲ ಕಟಕಟ ಎನ್ನುವ ಫ್ಯಾನು. ಲಾಯರಮ್ಮ ಕೋರ್ಟಿನಲ್ಲಿದ್ದರು, ಗುಮಾಸ್ತ ಅವರ ಹಿಂದೆಯೇ ಫೈಲು ಹೊತ್ತು ಹೋಗಿದ್ದ. ಕುರ್ಚಿಗಳಲ್ಲಿ ಕೂತಿದ್ದವರು ಮೂರು ಜನ: ಈ ತುದಿಯಲ್ಲಿ ಗಂಡ, ಆ ತುದಿಯಲ್ಲಿ ಹೆಂಡತಿ, ಸರಿಯಾಗಿ ನಡುವಿನ ಕುರ್ಚಿಯಲ್ಲಿ ಏಳು ವರ್ಷದ ಮಗಳು ಪುಟ್ಟಿ.

ಕರಿ ಕೋಟು ಬಾಗಿಲಲ್ಲಿ ಕಂಡದ್ದೇ ತಡ, ಗಂಡ ಧಡಕ್ಕನೆ ಎದ್ದು ನಿಂತ.

“ಬಂದ್ರಾ ಸರ್! ಹತ್ತೂವರೆಗೆ ಅಂದಿದ್ರು.”

“ಬಸ್ಸು ಲೇಟಾಯ್ತು” ಎಂದರು ಮಾಸ್ಟರು. ನಿಜವನ್ನೇ ಹೇಳಿದರು.

“ಬಸ್ಸಲ್ಲಿ ಬರ್ತಾರೆ! ಎಂಥ ಸರಳ ಮನುಷ್ಯರು” ಎಂದು ಹೆಂಡತಿ ಗೋಡೆಗೆ ಹೇಳಿದಳು.

“ನೀವು ಮೇಡಂ ಜೊತೆಯವರೇ ತಾನೇ ಸರ್?”

“ಹನ್ನೆರಡು ವರ್ಷದಿಂದ ಅವರ ಕೆಲಸ ನಂದೇ” ಎಂದರು ಮಾಸ್ಟರು. ಇದೂ ನಿಜ. ‘ನಾನು ಟೈಲರ್’ ಎನ್ನಲು ಇದು ಒಳ್ಳೆಯ ಸಮಯವಾಗಿತ್ತು. ಆದರೆ ಅಷ್ಟರಲ್ಲಿ ಗಂಡ ಕುರ್ಚಿ ಎಳೆದು ಹಾಕಿದ್ದ, ಹೆಂಡತಿ ಅದರ ಧೂಳು ಒರೆಸಿದ್ದಳು. ಇಬ್ಬರ ಕೈ ಸೇರಿ ಸಿದ್ಧವಾದ ಕುರ್ಚಿಯಲ್ಲಿ ಕೂತ ಮೇಲೆ ಎದ್ದು ಬರುವುದು ಯಾರಿಂದಲೂ ಆಗದು. ಮಾಸ್ಟರು ತೋಳಿನಲ್ಲಿ ಉಳಿದುಹೋಗಿದ್ದ ಗುಂಡುಸೂಜಿಯೊಂದನ್ನು ಕಿತ್ತು ತುಟಿಯಲ್ಲಿ ಕಚ್ಚಿಕೊಂಡು, ಕಿವಿಯ ಹಿಂದಿನ ಪೆನ್ಸಿಲನ್ನು ಮುಟ್ಟಿ ನೋಡಿಕೊಂಡು, “ಹೇಳಿ” ಎಂದರು.

ಗಂಡ ಸರ್ವೇಯರ್, ಜಮೀನು ಅಳೆಯುವವನು. ಹೆಂಡತಿ ಔಷಧಿ ಅಂಗಡಿಯವಳು. ಮಾತ್ರೆ ಅಳೆದು ಕೊಡುವವಳು. ಇಬ್ಬರೂ ಒಂದು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಸಹಿಸದವರು. ಎಂಟು ತಿಂಗಳಿಂದ ಇಬ್ಬರ ನಡುವೆ ನೇರ ಮಾತಿಲ್ಲ. ಎಲ್ಲ ಮಾತೂ ಪುಟ್ಟಿಯ ಮೂಲಕ.

“ಪುಟ್ಟಿ, ಅಪ್ಪನಿಗೆ ಹೇಳು, ಮೊದ್ಲು ಮನೆ ವಿಷ್ಯ ಕೇಳೋಕೆ.”

“ಅಪ್ಪ, ಮೊದ್ಲು ಮನೆ ವಿಷ್ಯ ಅಂತೆ.”

“ಅಮ್ಮನಿಗೆ ಹೇಳು, ಅದನ್ನೇ ಕೇಳೋಕೆ ಬಾಯಿ ತೆಗೆದಿದ್ದೆ ಅಂತ.”

“ಅಮ್ಮ, ಬಾಯಿ ತೆಗೆದಿದ್ರಂತೆ” ಎಂದಳು ಪುಟ್ಟಿ ಆಕಳಿಸುತ್ತ. ಅವಳ ನೌಕರಿಗೆ ರಜೆಯೇ ಇರಲಿಲ್ಲ.

ಮನೆ ಇಬ್ಬರ ಹೆಸರಿನಲ್ಲೂ ಇದೆ. ಹೇಗೆ ಪಾಲು ಮಾಡುವುದು? ಮಾಸ್ಟರಿಗೆ ಕಾನೂನು ತಿಳಿಯದು. ಆದರೆ ಮೂವತ್ತು ವರ್ಷದಿಂದ ಅವರು ಒಂದನ್ನು ಎರಡು ಮಾಡುತ್ತಲೇ ಬಂದಿದ್ದರು.

“ನಟ್ಟ ನಡುವೆ ಗೆರೆ ಎಳೀರಿ. ಗೆರೆ ಮೇಲೇ ಕತ್ತರಿಸಿ. ಎಡಕ್ಕೂ ಬಲಕ್ಕೂ ಒಂದೇ ಅಳತೆ ಬರ್ಬೇಕು. ಒಂದು ಕಡೆ ಜಗ್ಗಿದ್ರೆ ಜನ್ಮಪೂರ್ತಿ ಜಗ್ಗುತ್ತೆ.”

“ಸಾಮಾನು?”

“ಎಲ್ಲಾನೂ. ಅಂಚಲ್ಲಿ ಅರ್ಧ ಇಂಚು ಬಿಡೋದು ಮರೀಬೇಡಿ.”

“ಅದ್ಯಾಕೆ ಸರ್?”

“ಮುಂದೆ ಬಿಚ್ಚಿ ದೊಡ್ಡದು ಮಾಡ್ಬೇಕು ಅಂದ್ರೆ ಬೇಕಾಗುತ್ತೆ.”

ಸರ್ವೇಯರ್ ಬರೆದುಕೊಂಡ. ಆಮೇಲೆ ಪೆನ್ನು ನಿಂತಿತು. ಅವನು ಮಗಳ ಕಡೆ ನೋಡಿದ, ಅವಳೂ ಮಗಳ ಕಡೆ ನೋಡಿದಳು. ಇಬ್ಬರ ಮುಖದಲ್ಲೂ ಒಂದೇ ಹೆದರಿಕೆ. ಮನೆ ಹೋದರೆ ಹೋಗಲಿ, ಪುಟ್ಟಿ ತನ್ನ ಪಾಲಿಗೆ ಬಾರದೆ ಹೋದರೆ ಎನ್ನುವ ಹೆದರಿಕೆ. ಅದನ್ನು ಕೇಳಲು ಇಬ್ಬರಿಗೂ ಬಾಯಿ ಬರಲಿಲ್ಲ. ಕೊನೆಗೆ ಪುಟ್ಟಿಯೇ ಕೇಳಿದಳು: “ಅಂಕಲ್, ನಾನು ಯಾರ ಕಡೆ?”

ಮಾಸ್ಟರ ಎದೆ ಒಂದು ಕ್ಷಣ ಧಸಕ್ಕೆಂದಿತು. ಆದರೆ ಅಭ್ಯಾಸ ಎದೆಗಿಂತ ಗಟ್ಟಿ.

“ವಾರಕ್ಕೆ ಏಳು ದಿನ. ಮೂರೂವರೆ ಆ ಕಡೆ, ಮೂರೂವರೆ ಈ ಕಡೆ. ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ ಬದಲಿ.”

“ಊಟಕ್ಕೆ ಮುಂಚೆನಾ, ಊಟ ಆದ್ಮೇಲಾ?” ಎಂದಳು ಪುಟ್ಟಿ.

“ಊಟದ ಮಧ್ಯದಲ್ಲಿ.”

ಗಂಡಹೆಂಡಿರಿಬ್ಬರೂ ನಿಟ್ಟುಸಿರು ಬಿಟ್ಟರು. ಎಂಟು ತಿಂಗಳಲ್ಲಿ ಇಷ್ಟು ಖಚಿತವಾಗಿ ಅವರಿಗೆ ಯಾರೂ ಏನನ್ನೂ ಹೇಳಿರಲಿಲ್ಲ. “ಮೇಡಂಗೆ ಕಾಯೋದೇ ಬೇಡ” ಎಂದು ಎದ್ದರು. ಸರ್ವೇಯರ್ ನಾಲ್ಕಾಗಿ ಮಡಿಸಿದ ಒಂದು ಕಾಗದವನ್ನು “ನಮ್ಮ ಪಟ್ಟಿ ಸರ್, ಫೈಲಿಗೆ” ಎನ್ನುತ್ತ ಮಾಸ್ಟರ ಕೋಟಿನ ಒಳಜೇಬಿಗೆ ಭಕ್ತಿಯಿಂದ ಇಳಿಸಿದ. ಪುಟ್ಟಿ ಬಾಗಿಲಲ್ಲಿ ತಿರುಗಿ ನಿಂತಳು.

“ಅಂಕಲ್, ನನ್ನ ಸ್ಕೂಲ್ ಕೋಟಿಗೂ ಗುಂಡಿ ಈ ಕಡೆಗೇ ಇದೆ. ಅದು ಹುಡುಗೀರ್ದು.”

“ಹೊಸ ಫ್ಯಾಷನ್ನು” ಎಂದರು ಮಾಸ್ಟರು, ಬೆವರೊರೆಸಿಕೊಂಡು.

ಸ್ವಲ್ಪ ಹೊತ್ತಿಗೆ ಗುಮಾಸ್ತ ಬಂದ. ಮಾಸ್ಟರು ಕೋಟು ಬಿಚ್ಚಿ ಅವನ ಕೈಗೆ ಕೊಟ್ಟು, ಬರಿ ಟೈಲರಾಗಿ ಮೆಟ್ಟಿಲಿಳಿದರು. ಗಿರಾಕಿಯ ಬಟ್ಟೆ ಕೊಡುವ ಮುಂಚೆ ಜೇಬು ತಡಕುವುದು ಅವರ ಎರಡನೆಯ ವ್ರತ. ಅವತ್ತು ಅದು ಮುರಿಯಿತು.

ಆರು ದಿನ ಆರಾಮಾಗಿ ಕಳೆದವು. ಬುಧವಾರ ಬೆಳಿಗ್ಗೆ ಮಾಸ್ಟರು ಮೆಷಿನ್ನಿನ ಮುಂದೆ, ಅವರ ಹೆಂಡತಿ ಪಕ್ಕದ ಮಣೆಯ ಮೇಲೆ ಗುಂಡಿಯ ಕಾಜಾ ಹೊಲಿಯುತ್ತ ಕೂತಿದ್ದಾಗ ಒಬ್ಬ ಹೆಂಗಸು ಕಿಟಕಿಯ ಪರದೆಗಳಿಗೆ ಅಂಚು ಹೊಲಿಸಲು ಬಂದರು. ಬಂದವರು ಪರದೆ ಕೊಡುವುದನ್ನೇ ಮರೆತು ಸ್ಟೂಲಿನ ಮೇಲೆ ಕೂತರು.

“ನಮ್ಮ ಕೆಳಗಿನ ಮನೇಲಿ ಏನಾಗ್ತಿದೆ ಗೊತ್ತೇನ್ರೀ? ಗಂಡ ಸರ್ವೇಯರು, ಹೆಂಡ್ತಿ ಔಷಧಿ ಅಂಗಡಿ. ಮನೆ ನಡುವೆ ಸುಣ್ಣದಲ್ಲಿ ಗೆರೆ ಎಳ್ದಿದಾರೆ, ಬೀದಿ ಬಾಗಿಲಿಂದ ಹಿತ್ತಿಲ ತನಕ! ಕುಕ್ಕರು ಅವನ ಕಡೆ, ಮುಚ್ಚಳ ಅವಳ ಕಡೆ. ಸೋಫಾದಲ್ಲಿ ಮೂರು ಜನ ಕೂರೋ ಜಾಗ ಇತ್ತಲ್ಲ, ಈಗ ಆ ಕಡೆ ಒಂದೂವರೆ, ಈ ಕಡೆ ಒಂದೂವರೆ. ಊಟದ ಟೇಬಲ್ ಕುಯ್ಯೋಕೆ ಬಡಗಿ ಬಂದಿದ್ದ. ಪಾಪ, ಮೂರು ಸಲ ಕೇಳ್ದ, ಆಮೇಲೆ ಮುಖ ಆ ಕಡೆ ತಿರುಗಿಸ್ಕೊಂಡು ಕುಯ್ದ!”

“ಅಯ್ಯೋ, ಯಾರಮ್ಮ ಹೀಗೆ ಮಾಡಿ ಅಂದೋರು?” ಎಂದರು ಮಾಸ್ಟರ ಹೆಂಡತಿ ನಗು ತಡೆಯಲಾಗದೆ.

“ಯಾವನೋ ಲಾಯರಂತೆ. ಮಗು ಹೇಳ್ತು. ಕರಿ ಕೋಟಂತೆ, ಕಿವಿ ಹಿಂದೆ ಪೆನ್ಸಿಲಂತೆ, ಬಾಯಲ್ಲಿ ಗುಂಡುಸೂಜಿ ಕಚ್ಕೊಂಡೇ ಮಾತಾಡ್ತಿದ್ನಂತೆ.”

ಹೊಲಿಗೆ ಮೆಷಿನ್ನು ನಿಂತಿತು. ಮಾಸ್ಟರ ಹೆಂಡತಿ ನಿಧಾನವಾಗಿ ಕತ್ತು ತಿರುಗಿಸಿದರು. ಕಿವಿಯ ಹಿಂದೆ ಪೆನ್ಸಿಲು. ಬಾಯಲ್ಲಿ ನಾಲ್ಕು ಗುಂಡುಸೂಜಿ. ಕಣ್ಣು ಮಾತ್ರ ಮೆಷಿನ್ನಿನ ಚಕ್ರದ ಮೇಲೆ ನೆಟ್ಟಿತ್ತು, ಅದನ್ನು ಜೀವಮಾನದಲ್ಲಿ ಮೊದಲ ಸಲ ನೋಡುತ್ತಿರುವವರಂತೆ.

“ಏನ್ರೀ?” ಎಂದರು ಹೆಂಡತಿ.

ಮಾಸ್ಟರು ಉತ್ತರಿಸುವ ಮೊದಲೇ ಫೋನು ಹೊಡೆದುಕೊಂಡಿತು. ಆ ತುದಿಯಲ್ಲಿ ಲಾಯರಮ್ಮ. ಅವರ ದನಿ ಅಂಗಡಿಗೆಲ್ಲ ಕೇಳಿಸಿತು.

“ಮಾಸ್ಟರೇ, ಹೊಸ ಕೋಟು ಇವತ್ತು ಹಾಕ್ಕೊಂಡೆ. ಜಡ್ಜ್ ಮುಂದೆ ನಿಂತು ಕನ್ನಡಕ ತೆಗೆಯೋಣ ಅಂತ ಜೇಬಿಗೆ ಕೈ ಹಾಕಿದ್ರೆ ಇಪ್ಪತ್ಮೂರು ಐಟಮ್ಮಿನ ಪಟ್ಟಿ ಬಂತು. ನನ್ನ ಕೋಟಿನ ಜೇಬಲ್ಲಿ ಒಂದು ಇಡೀ ಸಂಸಾರ ಇದೆ ಕಣ್ರೀ. ಈಗಿಂದೀಗ್ಲೇ ಬನ್ನಿ.”

ಹೆಂಡತಿ ಅಂಗಡಿಯ ಬಾಗಿಲೆಳೆದರು. ಮಾಸ್ಟರೊಬ್ಬರನ್ನೇ ಕಳಿಸಿದರೆ ದಾರಿಯಲ್ಲಿ ಇನ್ನೆರಡು ಸಂಸಾರ ಕತ್ತರಿಸಿ ಬರುತ್ತಾರೆಂದು ಅವರಿಗೆ ಖಾತ್ರಿಯಿತ್ತು.

ಕಚೇರಿಯಲ್ಲಿ ಲಾಯರಮ್ಮ ಎಲ್ಲವನ್ನೂ ಕೇಳಿಸಿಕೊಂಡರು. ಕೇಳುತ್ತ ಕೇಳುತ್ತ ಅವರ ಹುಬ್ಬು ಏರಿ ಏರಿ ಕೂದಲನ್ನು ಮುಟ್ಟಿತು.

“ಲಾಯರಲ್ಲದೋರು ಲಾಯರ್ ಅಂತ ಹೇಳ್ಕೊಂಡು ಸಲಹೆ ಕೊಟ್ರೆ ಏನಾಗುತ್ತೆ, ಗೊತ್ತಾ?”

ಮಾಸ್ಟರು ಬಾಯಿ ತೆರೆದರು. ಹೆಂಡತಿ ಅವರ ಕಾಲು ತುಳಿದರು. ಬಾಯಿ ಮುಚ್ಚಿತು.

“ಇದನ್ನ ಓದಿ” ಎಂದು ಲಾಯರಮ್ಮ ಪಟ್ಟಿಯನ್ನು ಮುಂದೆ ಸರಿಸಿದರು. ಸರ್ವೇಯರನ ದುಂಡು ಅಕ್ಷರ. ಇಪ್ಪತ್ತೊಂದು, ಇಸ್ತ್ರಿ ಪೆಟ್ಟಿಗೆ. ಇಪ್ಪತ್ತೆರಡು, ಮಿಕ್ಸಿ. ಇಪ್ಪತ್ಮೂರು, ಪುಟ್ಟಿ.

ಮಾಸ್ಟರು ಓದಿದರು. ಎರಡನೆಯ ಸಲವೂ ಓದಿದರು. ಮಿಕ್ಸಿಯ ಕೆಳಗೆ ಮಗು. ಮೂರೂವರೆ ದಿನ ಎಂದು ತಾವು ಹೇಳಿದಾಗ ಆ ಹುಡುಗಿ ಕಣ್ಣರಳಿಸಿ ನೋಡಿದ್ದು ನೆನಪಾಯಿತು. ಅವರಿಗೆ ತುಂಬ ನಾಚಿಕೆಯಾಯಿತು.

“ಈಗ ಗಂಟೆ ಎಷ್ಟು?” ಎಂದರು ಇದ್ದಕ್ಕಿದ್ದಂತೆ.

“ಹನ್ನೊಂದೂವರೆ. ಯಾಕೆ?”

“ಇವತ್ತು ಬುಧವಾರ!”

ಮೂವರೂ ಒಂದು ಆಟೋ ಹತ್ತಿ ಹೋಗುವ ಹೊತ್ತಿಗೆ ಆ ಮನೆಯ ಮುಂದೆ ಅರ್ಧ ಬೀದಿ ನೆರೆದಿತ್ತು. ಒಳಗೆ ಸರ್ವೇಯರನ ಅಕ್ಕ ಗೆರೆಯ ಈಚೆ, ಹೆಂಡತಿಯ ಸೋದರಮಾವ ಗೆರೆಯ ಆಚೆ, ತಂತಮ್ಮ ಅರ್ಧ ಸೋಫಾದ ಮೇಲೆ ಜಾರಿ ಬೀಳದಂತೆ ಕಾಲೂರಿ ಕೂತಿದ್ದರು. ಬಾಗಿಲಲ್ಲಿ ನಗರಸಭೆಯ ಗುಮಾಸ್ತನೊಬ್ಬ ದಪ್ಪ ರಿಜಿಸ್ಟರು ಹಿಡಿದು ಬೆವರುತ್ತಿದ್ದ.

“ಮನೆ ಎರಡಾಗಿದೆ ಅಂತ ಅರ್ಜಿ ಕೊಟ್ಟಿದೀರ. ಮನೆ ನಂಬರು ಹದಿನೇಳು ಒಬ್ಬರಿಗೆ ಕೊಟ್ರೆ ಇನ್ನೊಬ್ಬರಿಗೆ ಏನು ಕೊಡ್ಲಿ? ಹದಿನೆಂಟು ಪಕ್ಕದ ಮನೆಯೋರ್ದು.”

“ಹದಿನೇಳೂವರೆ ಕೊಡಿ” ಎಂದರು ಸೋದರಮಾವ.

“ನಮ್ಮ ತಮ್ಮನ್ನ ಅರ್ಧ ಮಾಡೋಕೆ ನೀವ್ಯಾರ್ರೀ?” ಎಂದು ಅಕ್ಕ ಎದ್ದರು. ಅವರು ಎದ್ದದ್ದೇ ಅರ್ಧ ಸೋಫಾ ಮಗುಚಿಕೊಂಡಿತು.

ಈ ಗಲಾಟೆಯ ನಡುಮಧ್ಯೆ ಸುಣ್ಣದ ಗೆರೆಯ ಮೇಲೆ ಪುಟ್ಟಿ ಕೂತಿದ್ದಳು. ಒಂದು ಕಾಲು ಆಚೆ, ಒಂದು ಕಾಲು ಈಚೆ. ಅವಳ ಎರಡು ಕಡೆಗೂ ಇಟ್ಟಿಗೆ ಕೊಟ್ಟು ನಿಲ್ಲಿಸಿದ ಅರ್ಧರ್ಧ ಟೇಬಲು, ಅದರ ಮೇಲೆ ಒಂದೊಂದು ತಟ್ಟೆ. ಎಡಗಡೆ ಅಪ್ಪ, ಬಲಗಡೆ ಅಮ್ಮ, ಇಬ್ಬರ ಕಣ್ಣೂ ಗಡಿಯಾರದ ಮೇಲೆ. ಹನ್ನೆರಡಕ್ಕೆ ಎರಡು ನಿಮಿಷ. ಪುಟ್ಟಿಯ ಬಾಯಲ್ಲಿ ಅಪ್ಪನ ಕಡೆಯ ತುತ್ತು. ಅವಳು ಅದನ್ನು ಅಗಿಯದೆ ಕೆನ್ನೆಯಲ್ಲಿ ಇಟ್ಟುಕೊಂಡಿದ್ದಳು. ಹನ್ನೆರಡು ಹೊಡೆದರೆ ಅದು ಯಾರ ಕಡೆಯ ತುತ್ತೆಂದು ಅವಳಿಗೆ ತಿಳಿದಿರಲಿಲ್ಲ.

“ಲಾಯರ್ ಅಂಕಲ್!” ಎಂದಳು ತುಂಬಿದ ಬಾಯಲ್ಲೇ.

ಸರ್ವೇಯರ್ ಕೈಮುಗಿದು ಬಂದ. “ಸರಿಯಾದ ಹೊತ್ತಿಗೆ ಬಂದ್ರಿ ಸರ್. ಅಳತೇಲಿ ಒಂದು ಕೂದಲು ಹೆಚ್ಚುಕಡಿಮೆ ಇಲ್ಲ, ನೋಡಿ.” ಅಷ್ಟರಲ್ಲಿ ಅವನ ಕಣ್ಣು ಲಾಯರಮ್ಮನ ಮೈಮೇಲಿದ್ದ ಕೋಟಿನ ಮೇಲೆ ಬಿತ್ತು. ಅದೇ ಕೋಟು, ಅದೇ ಗುಂಡಿ. ಅವನು ಕೋಟನ್ನೂ ಮಾಸ್ಟರನ್ನೂ ಎರಡೆರಡು ಸಲ ಅಳೆದ.

“ಅಂಕಲ್,” ಎಂದಳು ಪುಟ್ಟಿ, “ಬುಧವಾರ ನನಗೆ ಚೆನ್ನಾಗಿಲ್ಲ. ನಾನು ಯಾರ ಹತ್ರ ಇರ್ಬೇಕು? ಸರಿಯಾಗಿ ಹೇಳಿ.”

ಬೀದಿಯೆಲ್ಲ ಕಿವಿಯಾಯಿತು. ಸೋದರಮಾವ ಮುಂದೆ ಬಾಗಿದರು. ನಗರಸಭೆಯವ ಪೆನ್ನಿನ ಮುಚ್ಚಳ ತೆಗೆದ. ಮಾಸ್ಟರ ಕೈ ತಾನಾಗಿಯೇ ಕತ್ತಿನ ಟೇಪಿಗೆ ಹೋಯಿತು. ನಾಲಿಗೆಯ ತುದಿಗೆ ಮೂರು ಉತ್ತರ ಬಂದು ಸಾಲಾಗಿ ನಿಂತವು. ಅವರು ಹೆಂಡತಿಯ ಕಡೆ ನೋಡಿದರು. ಈ ಸಲ ಆಕೆ ಕಾಲು ತುಳಿಯಲಿಲ್ಲ. ಮಾಸ್ಟರು ಟೇಪನ್ನು ಕತ್ತಿನಿಂದ ತೆಗೆದು, ಸುತ್ತಿ ಜೇಬಿಗಿಟ್ಟು, ಗೆರೆಯ ಪಕ್ಕ ಕುಕ್ಕರಗಾಲಲ್ಲಿ ಕೂತರು.

“ನಂಗೆ ಗೊತ್ತಿಲ್ಲಮ್ಮ” ಎಂದರು.

ಹೆಂಡತಿ ಗೋಡೆ ಹಿಡಿದುಕೊಂಡರು. ಮದುವೆಯಾಗಿ ಇಪ್ಪತ್ತಾರು ವರ್ಷ. ಆ ಬಾಯಿಂದ ಆ ಮಾತು ಬಂದದ್ದನ್ನು ಕೇಳಿದ್ದು ಅದೇ ಮೊದಲು.

“ನಾನು ಲಾಯರಲ್ಲ, ಟೈಲರು. ಬಟ್ಟೆ ಕತ್ತರಿಸೋದು ಬಿಟ್ರೆ ನಂಗೆ ಏನೂ ಗೊತ್ತಿಲ್ಲ. ಅವತ್ತು ಹೇಳಿದ್ದೆಲ್ಲ ತಪ್ಪು. ನಿನ್ನನ್ನ ಅಳೆದು ಅರ್ಧ ಮಾಡಿದ್ದು ದೊಡ್ಡ ತಪ್ಪು.”

ಗಡಿಯಾರ ಹನ್ನೆರಡು ಹೊಡೆಯಿತು. ಪುಟ್ಟಿ ಅಪ್ಪನ ಕಡೆ ನೋಡಿದಳು.

“ನಂಗೂ ಗೊತ್ತಿಲ್ಲ ಪುಟ್ಟಿ” ಎಂದ ಸರ್ವೇಯರ್.

“ನಂಗೂ” ಎಂದಳು ಅಮ್ಮ. ಆಮೇಲೆ, ಪುಟ್ಟಿಗಲ್ಲ, ನೇರವಾಗಿ ಗಂಡನಿಗೇ ಹೇಳಿದಳು: “ನಂಗೂ ಗೊತ್ತಿಲ್ಲ ಕಣ್ರೀ. ಕೇಳೋಕೇ ಭಯ ಆಗಿತ್ತು.”

“ನನಗೂ ಅಷ್ಟೇ” ಎಂದ ಅವನು, ಅವಳಿಗೇ.

ಎಂಟು ತಿಂಗಳ ನಂತರ ಕೆಲಸದಿಂದ ಬಿಡುಗಡೆಯಾದ ಪುಟ್ಟಿ ಬಾಯಲ್ಲಿದ್ದ ತುತ್ತನ್ನು ನೆಮ್ಮದಿಯಿಂದ ನುಂಗಿದಳು. ಮೊದಲು ನಕ್ಕವಳು ಅಮ್ಮ. ಅರ್ಧ ಟೇಬಲನ್ನೂ ಮಗುಚಿದ ಸೋಫಾವನ್ನೂ ತನ್ನ ಕೈಯಲ್ಲಿದ್ದ ಕುಕ್ಕರಿನ ಮುಚ್ಚಳವನ್ನೂ ನೋಡಿ ಅವಳಿಗೆ ತಡೆಯಲಾಗಲಿಲ್ಲ. “ಟೈಲರ್ ಮಾತು ಕೇಳಿ ಸೋಫಾ ಕುಯ್ಸಿದ್ವಲ್ರೀ!” ಸರ್ವೇಯರನಿಗೂ ನಗು ಉಕ್ಕಿತು. ಬಾಗಿಲಲ್ಲಿದ್ದ ಬೀದಿಗೂ ಹರಡಿತು. ನಗರಸಭೆಯವ ಮಾತ್ರ, “ಹಾಗಾದ್ರೆ ಹದಿನೇಳೂವರೆ ಹೊಡೆದು ಹಾಕ್ಲಾ?” ಎಂದು ಗಂಭೀರವಾಗಿ ಕೇಳಿದ.

ಆಗ ಲಾಯರಮ್ಮ ಮಗುಚಿದ ಸೋಫಾವನ್ನು ನೆಟ್ಟಗೆ ಮಾಡಿ ಕೂತು, ಕಾನೂನನ್ನು ಕಾನೂನಿನಂತೆ ಹೇಳಿದರು.

“ಇಬ್ಬರೂ ಒಪ್ಪಿ ಬೇರೆ ಆಗೋದಾದ್ರೆ ದಾರಿ ಸುಲಭ. ಕೋರ್ಟು ಯೋಚನೆಗೆ ಸಮಯಾನೂ ಕೊಡುತ್ತೆ. ಮನೆ ಅಂದ್ರೆ ಕುಯ್ಯೋದಲ್ಲ. ಯಾರ ಹೆಸರಲ್ಲಿದೆ, ಯಾರು ಕೊಂಡ್ರು, ಯಾರಿಗೆ ಹೆಚ್ಚು ಅಗತ್ಯ, ಎಲ್ಲ ನೋಡಿ ಒಬ್ಬರು ಇಟ್ಕೊಳ್ಳಬಹುದು, ಇನ್ನೊಬ್ಬರಿಗೆ ಅವರ ಪಾಲು ಸೇರುತ್ತೆ. ಇನ್ನು ಪುಟ್ಟಿ.” ಅವರು ಪಟ್ಟಿ ತೆಗೆದು ಇಪ್ಪತ್ಮೂರನೆಯ ಸಾಲನ್ನು ಪೆನ್ನಿನಲ್ಲಿ ಹೊಡೆದು ಹಾಕಿದರು. “ಇವಳು ಪಟ್ಟೀಲಿ ಬರೋದಿಲ್ಲ. ಅವಳು ಯಾರ ಪಾಲು ಅನ್ನೋದು ಪ್ರಶ್ನೇನೇ ಅಲ್ಲ. ಅವಳಿಗೆ ಯಾವುದು ಒಳ್ಳೇದು ಅನ್ನೋದು ಪ್ರಶ್ನೆ. ಎಲ್ಲಿ ಮಲಗ್ತಾಳೆ, ಎಲ್ಲಿ ಓದ್ತಾಳೆ ಅನ್ನೋದನ್ನ ಕೂತು ಮಾತಾಡೋಣ. ನೀವಿಬ್ಬರೂ ಗಂಡಹೆಂಡ್ತಿ ಆಗಿರೋದು ಬಿಡಬಹುದು. ಅಪ್ಪ ಅಮ್ಮ ಆಗಿರೋದು ಬಿಡೋಕೆ ಯಾವ ಕೋರ್ಟೂ ಬಿಡಲ್ಲ.”

ಮಾಸ್ಟರಿಗೆ ಶಿಕ್ಷೆಯೂ ಅಲ್ಲೇ ಆಯಿತು: ಸುಣ್ಣದ ಗೆರೆಯನ್ನು ಬೀದಿ ಬಾಗಿಲಿಂದ ಹಿತ್ತಿಲ ತನಕ ಮೊಣಕಾಲೂರಿ ಒರೆಸಬೇಕು. ಬಕೆಟ್ಟು ಅಪ್ಪನ ಕಡೆ ಇತ್ತು, ನಲ್ಲಿ ಅಮ್ಮನ ಕಡೆ. ಇಬ್ಬರೂ ಸೇರಿ ನೀರು ತಂದುಕೊಟ್ಟರು.

ಅವರು ಬೇರೆಯಾಗದೆ ಇರಲಿಲ್ಲ. ಒಂದು ವರ್ಷದಲ್ಲಿ, ಜಗಳವಿಲ್ಲದೆ, ಲಾಯರಮ್ಮನ ಕೋಣೆಯಲ್ಲಿ ಎಲ್ಲ ತೀರ್ಮಾನವಾಯಿತು. ಹದಿನೇಳನೆಯ ನಂಬರಿನ ಮನೆಯಲ್ಲಿ ಅಮ್ಮ ಮತ್ತು ಪುಟ್ಟಿ. ಅದೇ ಬೀದಿಯ ಕೊನೆಯಲ್ಲಿ ಅಪ್ಪ. ನಡುವೆ ಇರುವುದು ನಾನೂರ ಹನ್ನೆರಡು ಹೆಜ್ಜೆ ಎಂದು ಸರ್ವೇಯರ್ ಅಳೆದಿದ್ದಾನೆ. ಪುಟ್ಟಿ ಓಡಿದರೆ ಅಷ್ಟೂ ಆಗುವುದಿಲ್ಲ. ಟೇಬಲಿನ ಒಂದರ್ಧ ಆ ಮನೆಯ ಗೋಡೆಗೆ, ಇನ್ನರ್ಧ ಈ ಮನೆಯ ಗೋಡೆಗೆ ಆತುಕೊಂಡಿದೆ. ಪುಟ್ಟಿಯ ಹುಟ್ಟುಹಬ್ಬದ ದಿನ ಅಪ್ಪ ತನ್ನ ಅರ್ಧವನ್ನು ತಲೆಯ ಮೇಲೆ ಹೊತ್ತು ಬೀದಿಯುದ್ದಕ್ಕೂ ಬರುತ್ತಾನೆ. ಕೂಡಿಸಿಟ್ಟರೆ ಟೇಬಲು ಸರಿಯಾಗಿ ಕೂತುಕೊಳ್ಳುತ್ತದೆ, ನಡುವೆ ಒಂದು ಸಣ್ಣ ಸಂದು ಬಿಟ್ಟರೆ.

ಇನ್ನು ನಮ್ಮ ಮಾಸ್ಟರು. ಹೊಸದಾಗಿ ಕಲಿತ ಮಾತನ್ನು ಅವರು ಎಷ್ಟು ಹಚ್ಚಿಕೊಂಡರೆಂದರೆ ‘ನನ್ನ ಪ್ಯಾಂಟು ಯಾವಾಗ ರೆಡಿ?’ ಎಂದರೂ ‘ಗೊತ್ತಿಲ್ಲ’, ‘ನಿಮ್ಮಂಗಡಿ ಎಷ್ಟು ಗಂಟೆಗೆ ಮುಚ್ತೀರಿ?’ ಎಂದರೂ ‘ಗೊತ್ತಿಲ್ಲ’ ಎಂದು ಎದೆಯುಬ್ಬಿಸಿ ಹೇಳುತ್ತಾರೆ. ಇದಕ್ಕಿಂತ ಹಳೆಯ ಮನುಷ್ಯನೇ ವಾಸಿಯಾಗಿದ್ದನೆಂದು ಹೆಂಡತಿಗೆ ಒಮ್ಮೊಮ್ಮೆ ಅನಿಸುವುದುಂಟು.

ಮೊನ್ನೆ ಪುಟ್ಟಿಯ ಹೊಸ ಕೋಟು ಮುಗಿಯಿತು. ಅದನ್ನು ತೊಟ್ಟು ಹೋಗಿ ಕೊಡೋಣವೆಂದರೆ ಮಾಸ್ಟರ ಮೊಣಕೈ ಕೂಡ ಅದರೊಳಗೆ ಹೋಗಲಿಲ್ಲ. ಹಾಗಾಗಿ ಅವಳೇ ಬಂದು ತೊಟ್ಟಳು. ಗುಂಡಿ ಎಡಗಡೆಗೆ, ಎಡಕ್ಕೊಂದು ಬಲಕ್ಕೊಂದು ಜೇಬು, ಎರಡು ಮನೆಯ ಎರಡು ಬೀಗದಕೈ ಇಡಲು.

“ಅಂಕಲ್, ಯಾವ ಮನೆ ಕೀ ಯಾವ ಜೇಬಿಗೆ?”

“ಗೊತ್ತಿಲ್ಲಮ್ಮ” ಎಂದರು ಮಾಸ್ಟರು, ಗುಂಡುಸೂಜಿ ಕಚ್ಚಿಕೊಂಡೇ. “ನೀನೇ ಹೇಳು.”

ಪುಟ್ಟಿ ಯೋಚಿಸಿದಳು. ಆಮೇಲೆ ಎರಡೂ ಬೀಗದಕೈಗಳನ್ನು ಒಂದೇ ಜೇಬಿಗೆ ಹಾಕಿ, ಖಾಲಿ ಜೇಬಿಗೆ ಕೈಯಿಟ್ಟುಕೊಂಡು, ಝಣಝಣ ಎನಿಸುತ್ತ ಬೀದಿಗಿಳಿದಳು.